ಸ್ಟ್ರಾಂಗ್ ಬಿಯರ್ ಬಾಟಲಿಗೆ ತುಂಬುವವರೇ, ‘ನಿಂತ’ ಗ್ರಾವಿಟಿಯನ್ನು ನಂಬಬೇಡಿ

ಬೇಸ್‌ಮೆಂಟಿನಲ್ಲಿಟ್ಟಿದ್ದ ಇಂಪೀರಿಯಲ್ ಸ್ಟೌಟ್ (ಕಪ್ಪನೆಯ, ತುಂಬಾ ಸ್ಟ್ರಾಂಗ್ ಬಿಯರ್) ಬಾಟಲಿಗಳು ಐದನೇ ವಾರ ಒಂದರ ಹಿಂದೊಂದು ಸಿಡಿದವು. ಗಾಜಿನ ಚೂರುಗಳು ರಟ್ಟಿನ ಪೆಟ್ಟಿಗೆ ಸೀಳಿಕೊಂಡು ಹೋಗಿ ಎದುರು ಗೋಡೆಗೆ ನಾಟಿದ್ದವು. ಆ ಹೊತ್ತಿಗೆ ಅಲ್ಲಿ ಯಾರೂ ಇರಲಿಲ್ಲ, ಪುಣ್ಯ. ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ಮಾಡುವ ಕನ್ನಡಿಗರು ಚಳಿಗಾಲಕ್ಕೆ ಇಂಥದಕ್ಕೆ ಕೈ ಹಾಕುವುದುಂಟು, ಅದಕ್ಕೇ ಲೆಕ್ಕ ಸಮೇತ ಬರೆಯುತ್ತಿದ್ದೇವೆ. (ಕರ್ನಾಟಕದಲ್ಲಿ ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಊರಲ್ಲಿರುವವರು ಪ್ರಯತ್ನಿಸಬೇಡಿ.)

ಬ್ಯಾಚ್ 19 ಲೀಟರ್, ಶುರುವಿನ ಗ್ರಾವಿಟಿ (ನೀರಿನದು 1.000 ಎಂದಿಟ್ಟು ಅಳೆಯುವ ಸಾಂದ್ರತೆ, ಯೀಸ್ಟ್ ಸಕ್ಕರೆ ತಿಂದಂತೆ ಇಳಿಯುತ್ತದೆ) 1.100. ಅದು 1.030ಕ್ಕೆ ಬಂದು ಎರಡು ವಾರ ಅಲ್ಲಾಡಲಿಲ್ಲ. ಹುದುಗು ಮುಗಿಯಿತೆಂದುಕೊಂಡು, ಬಾಟಲಿಯಲ್ಲಿ ಗ್ಯಾಸ್ ಏರಲೆಂದು 110 ಗ್ರಾಂ ಸಕ್ಕರೆ, ಜೊತೆಗೆ ಹೊಸ ಏಲ್ ಯೀಸ್ಟ್ ಹಾಕಿ ಬಾಟಲಿಗೆ ತುಂಬಲಾಯಿತು. ಸಕ್ಕರೆ ಅಳತೆ ಸರಿಯಾಗಿಯೇ ಇತ್ತು: ಲೀಟರಿಗೆ 4 ಗ್ರಾಂ ಸಕ್ಕರೆಯಿಂದ ಸುಮಾರು 1 ವಾಲ್ಯೂಮ್ (ಬಿಯರಿನಷ್ಟೇ ಗಾತ್ರದ) ಗ್ಯಾಸ್ ಬರುತ್ತದೆ, 20 ಡಿಗ್ರಿಯಲ್ಲಿ ಹುದುಗಿದ ಬಿಯರ್‌ನಲ್ಲಿ 0.85ರಷ್ಟು ಮೊದಲೇ ಉಳಿದಿರುತ್ತದೆ, ಎಲ್ಲ ಸೇರಿ 2.3. ಎಡವಟ್ಟಾದದ್ದು ಬೇರೆ ಕಡೆ. ಏರಿದ ಆಲ್ಕೋಹಾಲ್ ಮತ್ತು ಚಳಿಗೆ ಹಳೇ ಯೀಸ್ಟ್ ಸೋತು ತಳ ಸೇರಿತ್ತೇ ಹೊರತು ಮಾಲ್ಟಿನ ಸಕ್ಕರೆ ತೀರಿರಲಿಲ್ಲ. ಹೊಸ ಯೀಸ್ಟ್ ಅದನ್ನೂ ತಿಂದಿತು. ಗ್ಯಾಸ್ ನೋಡಲೆಂದು ತುಂಬಿಟ್ಟಿದ್ದ ಒಂದು ಪ್ಲಾಸ್ಟಿಕ್ ಸೋಡಾ ಬಾಟಲಿ ಉಳಿದಿತ್ತು, ಒತ್ತಿದರೆ ಕಲ್ಲು. ಅದನ್ನು ವಾರಕ್ಕೊಮ್ಮೆ ಯಾರಾದರೂ ಒತ್ತಿ ನೋಡಿದ್ದರೂ ಸಾಕಿತ್ತು. ಅದರೊಳಗಿನ ಬಿಯರ್‌ನ ಗ್ಯಾಸ್ ಬಿಡಿಸಿ ಅಳೆದರೆ 1.022. ಅಂದರೆ ಬಾಟಲಿಯೊಳಗೇ 8 ಪಾಯಿಂಟ್ (ಒಂದು ಪಾಯಿಂಟ್ ಅಂದರೆ 0.001) ಇಳಿದಿದೆ. ಪಾಯಿಂಟಿಗೆ ಸುಮಾರು 0.5 ವಾಲ್ಯೂಮ್ ಹಿಡಿದರೆ 4 ಹೆಚ್ಚುವರಿ, ಒಟ್ಟು 6 ದಾಟಿತು. ಅದು ಶಾಂಪೇನಿನ ಒತ್ತಡ. ಸಾಧಾರಣ ಬಿಯರ್ ಬಾಟಲಿಯಲ್ಲಿ 3ಕ್ಕಿಂತ ಮೇಲೆ ಹೋಗಲೇಬಾರದು.

ಹಾಗಾಗಿ ಸ್ಟ್ರಾಂಗ್ ಬಿಯರ್‌ನಲ್ಲಿ ‘ಗ್ರಾವಿಟಿ ನಿಂತಿದೆ’ ಅನ್ನುವುದು ಸಾಕ್ಷಿಯಲ್ಲ. ಯೀಸ್ಟ್ ಹಾಕಿದ ದಿನವೇ 300 ಮಿಲೀ ವರ್ಟ್ (ಇನ್ನೂ ಹುದುಗದ ಸಿಹಿ ಮಾಲ್ಟ್ ರಸ) ಬೇರೆ ತೆಗೆದು, ಅದಕ್ಕೆ ಅದೇ ಯೀಸ್ಟನ್ನು ಧಾರಾಳವಾಗಿ ಹಾಕಿ 25 ಡಿಗ್ರಿಯ ಮೇಲಿಡಿ, ಆಗಾಗ ಅಲುಗಿಸಿ. ನಾಲ್ಕೈದು ದಿನಕ್ಕೆ ಅದು ಇಳಿದು ನಿಲ್ಲುವ ಅಂಕಿಯೇ ನಿಮ್ಮ ಗುರಿ. ದೊಡ್ಡ ಪಾತ್ರೆ ಅದಕ್ಕಿಂತ ಮೂರ್ನಾಲ್ಕು ಪಾಯಿಂಟ್ ಮೇಲಿದ್ದರೂ ಬಾಟಲಿ ಮಾಡಬೇಡಿ. ಬೆಚ್ಚಗಿಟ್ಟು, ಚುರುಕಾಗಿ ಹುದುಗುತ್ತಿರುವ ಯೀಸ್ಟ್ ಸೇರಿಸಿ ಮುಗಿಸಿ. ಅಳೆಯಲು ಹೈಡ್ರೋಮೀಟರೇ (ಬಿಯರ್‌ನಲ್ಲಿ ತೇಲಿಬಿಟ್ಟು ಓದುವ ಕೊಳವೆ) ಬೇಕು, ಬೆಳಕು ಬಾಗುವುದನ್ನು ನೋಡಿ ಅಳೆಯುವ ರಿಫ್ರಾಕ್ಟೋಮೀಟರ್ ಆಲ್ಕೋಹಾಲ್ ಇದ್ದಾಗ ತಪ್ಪು ತೋರಿಸುತ್ತದೆ. ಸೈಸನ್ (ಬೆಲ್ಜಿಯಂ ಕಡೆಯ ಒಂದು ಬಗೆಯ ಬಿಯರ್) ಯೀಸ್ಟ್‌ಗಳಲ್ಲಿ ಕೆಲವು ಡೆಕ್ಸ್‌ಟ್ರಿನ್‌ಗಳನ್ನೂ (ಸಾಮಾನ್ಯ ಯೀಸ್ಟ್ ತಿನ್ನಲಾರದ ದೊಡ್ಡ ಸಕ್ಕರೆಗಳು) ಒಡೆದು ತಿನ್ನುತ್ತವೆ, ಅವು ಉಪಕರಣದಲ್ಲಿ ಉಳಿದರೆ ಈ ಲೆಕ್ಕವೆಲ್ಲ ಕೆಡುತ್ತದೆ.

ಹುದುಗು ಪೂರ್ತಿ ಮುಗಿದ ಮೇಲೆ ಹೊಸ ಯೀಸ್ಟ್ ಹಾಕುವುದು ತಪ್ಪಲ್ಲ, 10 ಶೇಕಡಾದ ಬಿಯರ್‌ಗೆ ಅದು ಬೇಕೇ ಬೇಕು. 19 ಲೀಟರಿಗೆ ಬಾಟಲಿಗೆಂದೇ ಸಿಗುವ ಒಣ ಯೀಸ್ಟ್ 2 ಗ್ರಾಂ ಸಾಕು. ಹಾಕದಿದ್ದರೆ ತಿಂಗಳುಗಟ್ಟಲೆ ಗ್ಯಾಸೇ ಏರುವುದಿಲ್ಲ. ಆಗ ಮುಚ್ಚಳ ತೆಗೆದು ಇನ್ನಷ್ಟು ಸಕ್ಕರೆ ಹಾಕುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಸಕ್ಕರೆ ಒಳಗೇ ಇದೆ, ತಿನ್ನುವ ಯೀಸ್ಟ್ ಇಲ್ಲ.

ಒಂದು ಬಾಟಲಿ ಸಿಡಿದಿದ್ದರೆ ಉಳಿದದ್ದನ್ನು ಬರಿಗೈಯಲ್ಲಿ ಮುಟ್ಟಬೇಡಿ. ದಪ್ಪ ಕಂಬಳಿ ಹೊದಿಸಿ, ಮಕ್ಕಳನ್ನೂ ನಾಯಿಯನ್ನೂ ದೂರವಿಡಿ, ಆ ಕೋಣೆಯನ್ನು ಆದಷ್ಟು ತಣ್ಣಗೆ ಮಾಡಿ. ಬಿಯರ್ ತಣಿದಂತೆ ಒತ್ತಡ ಇಳಿಯುತ್ತದೆ. ಒಂದು ದಿನ ಬಿಟ್ಟು ಮುಖಕ್ಕೆ ಶೀಲ್ಡ್, ದಪ್ಪ ಗ್ಲೌಸ್, ತುಂಬು ತೋಳಿನ ಜಾಕೆಟ್ ಹಾಕಿಕೊಂಡು, ಬಾಟಲಿಗೆ ದಪ್ಪ ಟವೆಲ್ ಸುತ್ತಿ, ಮುಚ್ಚಳವನ್ನು ಗ್ಯಾಸ್ ಸುಯ್ಯೆನ್ನುವಷ್ಟು ಮಾತ್ರ ಸಡಿಲಿಸಿ.