ಗರ್ಭಪಾತದ ಕಾನೂನು: ಕಾರಣವೋ, ಕಾಲಮಿತಿಯೋ?

ಗರ್ಭಪಾತದ ಬಗ್ಗೆ ಕಾನೂನು ಹೇಗಿರಬೇಕೆಂದು ನಿಲುವು ತಳೆಯಹೊರಟವರು ಮೊದಲು ಎರಡು ಮಾದರಿಗಳನ್ನು ಎದುರುಬದುರು ಇಟ್ಟು ನೋಡಬೇಕು. ಬ್ರಿಟನ್ನಿನ 1967ರ ಕಾಯ್ದೆ ಕಾರಣವನ್ನು ಕೇಳುತ್ತದೆ. ಗರ್ಭ ಮುಂದುವರಿದರೆ ಮಹಿಳೆಯ ದೈಹಿಕ ಅಥವಾ ಮಾನಸಿಕ ಆರೋಗ್ಯಕ್ಕೆ ಗರ್ಭಪಾತಕ್ಕಿಂತ ಹೆಚ್ಚಿನ ಅಪಾಯವಿದೆಯೆಂದು ಇಬ್ಬರು ವೈದ್ಯರು ಅಭಿಪ್ರಾಯಪಟ್ಟರೆ 24 ವಾರಗಳವರೆಗೆ ಅವಕಾಶವಿದೆ. ಫ್ರಾನ್ಸ್ 2022ರಿಂದ 14 ವಾರಗಳವರೆಗೆ ಕಾರಣವನ್ನೇ ಕೇಳುವುದಿಲ್ಲ. ಆನಂತರ ವೈದ್ಯಕೀಯ ಕಾರಣಗಳಿಗಷ್ಟೇ ಅನುಮತಿ.

ವಾರಗಳ ಲೆಕ್ಕ ನೋಡಿದರೆ ಬ್ರಿಟನ್ ಉದಾರವೆನಿಸುತ್ತದೆ, ಆದರೆ ನಿಜವಾದ ವ್ಯತ್ಯಾಸವಿರುವುದು ಕೊನೆಯ ಮಾತು ಯಾರದೆಂಬಲ್ಲಿ. ಭ್ರೂಣಕ್ಕೆ ಆರಂಭದಿಂದಲೇ ಒಂದಿಷ್ಟು ಬೆಲೆಯಿದೆ, ಅದನ್ನು ಮೀರಲು ಸಮರ್ಥನೆ ಬೇಕು ಎನ್ನುವವರಿಗೆ ಮೊದಲನೆಯದು ಹತ್ತಿರ. ಭ್ರೂಣ ಬೆಳೆದಂತೆ ಅದರ ನೈತಿಕ ಸ್ಥಾನವೂ ಬೆಳೆಯುತ್ತದೆ, ಒಂದು ಹಂತದವರೆಗೆ ತೀರ್ಮಾನ ಮಹಿಳೆಯದೇ ಎನ್ನುವವರಿಗೆ ಎರಡನೆಯದು. ನನಗೆ ಎರಡನೆಯದೇ ಹೆಚ್ಚು ಪ್ರಾಮಾಣಿಕವೆನಿಸುತ್ತದೆ, ಏಕೆಂದರೆ ಮೊದಲನೆಯದರಲ್ಲಿ ಮಹಿಳೆಯ ಇಚ್ಛೆಯೇ ವೈದ್ಯರ ಭಾಷೆ ತೊಟ್ಟು ಬರಬೇಕಾಗುತ್ತದೆ. (ಜರ್ಮನಿಯದು ಇನ್ನೂ ವಿಚಿತ್ರ: ಸಮಾಲೋಚನೆಯ ನಂತರ 12 ವಾರಗಳೊಳಗಿನ ಗರ್ಭಪಾತ ಕಾನೂನುಬಾಹಿರ, ಆದರೆ ಶಿಕ್ಷೆಯಿಲ್ಲ.)

ಗರ್ಭಧಾರಣೆಯ ಕ್ಷಣದಿಂದಲೇ ಪೂರ್ಣ ಹಕ್ಕಿದೆ ಎನ್ನುವವರಿಗಾಗಲಿ, ದೇಹದ ಮೇಲಿನ ಹಕ್ಕಿಗೆ ಮಿತಿಯೇ ಇಲ್ಲ ಎನ್ನುವವರಿಗಾಗಲಿ ಈ ಎರಡೂ ಒಪ್ಪಿಗೆಯಾಗವು. ಎರಡನೆಯ ಗುಂಪಿನವರು 1988ರಿಂದ ಗರ್ಭಪಾತಕ್ಕೆ ಅಪರಾಧ ಕಾನೂನೇ ಇಲ್ಲದ ಕೆನಡಾದತ್ತ ನೋಡಬಹುದು.