ಕ್ಯಾವಲಿಯರ್ ನಾಯಿಗೆ ಲೈಫ್‌ಟೈಮ್ ವಿಮೆ: ಏಳು ವರ್ಷ ಕಂತು ಕಟ್ಟಿದ ಮೇಲೆ

ಇಂಗ್ಲೆಂಡಿನ ರೆಡಿಂಗಿನಲ್ಲಿರುವ ನಮ್ಮ ಮನೆಗೆ ಬೆಲ್ಲ ಬಂದಾಗ ಅವಳಿಗೆ ಎಂಟು ವಾರ. ಈಗ ಏಳು ವರ್ಷ. ಅವಳು ಕ್ಯಾವಲಿಯರ್ ಕಿಂಗ್ ಚಾರ್ಲ್ಸ್ ಸ್ಪ್ಯಾನಿಯಲ್ ತಳಿಯವಳು. ಯಾರ ಮಡಿಲು ಸಿಕ್ಕರೂ ಒಲ್ಲೆನ್ನದ ಈ ನಾಯಿಗಳಿಗೆ ಹುಟ್ಟಿನಿಂದಲೇ ಅಂಟಿಕೊಂಡು ಬರುವ ಕಾಯಿಲೆಗಳೂ ಕಡಿಮೆಯಿಲ್ಲ: ಹೃದಯದ ಮೈಟ್ರಲ್ ಕವಾಟ ಕ್ರಮೇಣ ಕೆಟ್ಟು ರಕ್ತ ಹಿಂದಕ್ಕೆ ಸೋರುವುದು, ತಲೆಬುರುಡೆಯಲ್ಲಿ ಮಿದುಳಿಗೆ ಜಾಗ ಸಾಲದೆ ಬೆನ್ನುಹುರಿಯೊಳಗೆ ದ್ರವ ತುಂಬಿದ ಪೊಳ್ಳುಗಳಾಗುವ ಸಿರಿಂಗೊಮೈಲಿಯಾ, ಹಿಂಗಾಲಿನ ಮಂಡಿಚಿಪ್ಪು ಜಾರುವುದು. ಇವತ್ತಿನ ಸ್ಥಿತಿಯಲ್ಲಿ ಈ ತಳಿಯ ಮರಿ ಮಾಡಿಸುವುದು ಪ್ರಾಣಿ ಕಲ್ಯಾಣ ಕಾಯಿದೆಗೆ ವಿರುದ್ಧ ಎಂದು ನಾರ್ವೆಯ ಸರ್ವೋಚ್ಚ ನ್ಯಾಯಾಲಯ 2023ರಲ್ಲಿ ತೀರ್ಪನ್ನೇ ಕೊಟ್ಟಿತು. ಆ ಹೊತ್ತಿಗೆ ಬೆಲ್ಲ ನಮ್ಮ ಸೋಫಾವನ್ನು ತನ್ನದಾಗಿ ಮಾಡಿಕೊಂಡು ಬಹಳ ಕಾಲವಾಗಿತ್ತು.

ಮುಧೋಳದ ಕಡೆಯವರಾದ ನಮ್ಮ ಅಪ್ಪನಿಗೆ ನಾಯಿಯ ವಿಮೆಯ ವಿಷಯ ಹೇಳಿದಾಗ ಅವರು ಫೋನಿನಲ್ಲೇ ನಕ್ಕರು. “ಊರಾಗ ಎಮ್ಮಿಗೆ ಇನ್ಶೂರೆನ್ಸ್ ಮಾಡಸ್ತೀವಿ, ಕಿವಿಗೆ ಬಿಲ್ಲೆ ಹಾಕತಾರ, ಅದು ಸತ್ತರ ರೊಕ್ಕ ಬರತೈತಿ. ನಿಮ್ಮ ನಾಯಿ ಬದುಕಿದ್ದರೂ ಬರತೈತೇನು?” ಅಪ್ಪ ತಮಾಷೆಗೆ ಕೇಳಿದ್ದೇ ಇಲ್ಲಿ ಕೇಳಬೇಕಾದ ಸರಿಯಾದ ಪ್ರಶ್ನೆ. ಬದುಕಿದ್ದಾಗ ಎಷ್ಟು ಬರುತ್ತದೆ, ಎಷ್ಟು ವರ್ಷ ಬರುತ್ತದೆ ಎಂಬುದರಲ್ಲೇ ಬ್ರಿಟನ್ನಿನ ಪಾಲಿಸಿಗಳು ಒಂದರಿಂದ ಒಂದು ಬೇರೆಯಾಗುತ್ತವೆ. ಅಪಘಾತಕ್ಕಷ್ಟೇ ಹಣ ಕೊಡುವ ಪಾಲಿಸಿಯಿಂದ ಕ್ಯಾವಲಿಯರಿಗೆ ಹೆಚ್ಚಿನ ಉಪಯೋಗವಿಲ್ಲ. ಹನ್ನೆರಡು ತಿಂಗಳ ಪಾಲಿಸಿ ಒಂದು ಕಾಯಿಲೆಗೆ ಒಂದು ವರ್ಷ ಹಣ ಕೊಟ್ಟು ಆಮೇಲೆ ಆ ಕಾಯಿಲೆಯನ್ನು ಕೈಬಿಡುತ್ತದೆ. ಮೂರನೆಯ ಬಗೆಯಲ್ಲಿ ಪ್ರತಿ ಕಾಯಿಲೆಗೂ ಒಂದು ಗರಿಷ್ಠ ಮೊತ್ತವಿದ್ದು, ಅದು ತೀರಿದರೆ ಮುಗಿಯಿತು. ಲೈಫ್‌ಟೈಮ್ ಎಂದು ಕರೆಯುವ ನಾಲ್ಕನೆಯದರಲ್ಲಿ ಮಾತ್ರ, ಪಾಲಿಸಿಯನ್ನು ನಡುವೆ ಬಿಡದೆ ನವೀಕರಿಸುತ್ತಿದ್ದರೆ, ಮೊತ್ತ ಪ್ರತಿ ವರ್ಷ ಹೊಸದಾಗಿ ತುಂಬಿಕೊಳ್ಳುತ್ತದೆ. ನಾವು ಆರಿಸಿದ್ದು ಇದನ್ನೇ. ವರ್ಷಕ್ಕೆ 7,000 ಪೌಂಡ್ ಮಿತಿ, ಮೊದಲ ವರ್ಷ ತಿಂಗಳಿಗೆ 38 ಪೌಂಡ್ ಕಂತು.

ಈ ಆಯ್ಕೆ ಸರಿಯಾಗಿತ್ತೆಂದು ತಿಳಿದದ್ದು ಬೆಲ್ಲಳ ಹೃದಯದಿಂದ. ಐದನೆಯ ವರ್ಷ ಲಸಿಕೆಗೆ ಹೋದಾಗ ಪಶುವೈದ್ಯೆ ಸ್ಟೆತಾಸ್ಕೋಪ್ ಇಟ್ಟು ಸ್ವಲ್ಪ ಹೆಚ್ಚು ಹೊತ್ತೇ ಆಲಿಸಿದರು; ಆರು ದರ್ಜೆಗಳಲ್ಲಿ ಎರಡನೆಯದಕ್ಕೆ ಸೇರುವ ಮರ್ಮರ ಶಬ್ದ. ಮರುವರ್ಷದ ಎಕೋ ಪರೀಕ್ಷೆಯಲ್ಲಿ (ಹೃದಯದ ಅಲ್ಟ್ರಾಸೌಂಡ್) ಹೃದಯ ಹಿಗ್ಗಿರುವುದು ಕಂಡು ಪಿಮೊಬೆಂಡನ್ ಎಂಬ ಹೃದಯದ ಮಾತ್ರೆ ಆರಂಭವಾಯಿತು. ಈ ಹಂತದಲ್ಲೇ ಮಾತ್ರೆ ಕೊಟ್ಟರೆ ಹೃದಯ ವೈಫಲ್ಯ ಸುಮಾರು 15 ತಿಂಗಳು ಮುಂದಕ್ಕೆ ಹೋಗುತ್ತದೆಂದು 2016ರಲ್ಲಿ ಪ್ರಕಟವಾದ ಎಪಿಕ್ ಅಧ್ಯಯನ ತೋರಿಸಿತ್ತು. ಎಂದರೆ ಇದು ಒಮ್ಮೆ ಬಿಲ್ಲು ಕಟ್ಟಿ ಮರೆಯುವ ಚಿಕಿತ್ಸೆಯಲ್ಲ, ಬದುಕಿರುವವರೆಗೂ ನಡೆಯಬೇಕಾದದ್ದು. ನಮ್ಮಲ್ಲಿ ಮಾತ್ರೆಗೆ ತಿಂಗಳಿಗೆ 45 ಪೌಂಡ್, ವರ್ಷಕ್ಕೆರಡು ಎಕೋಗೆ 550ರಂತೆ 1,100, ಒಟ್ಟು 1,640 ಪೌಂಡ್. ಹನ್ನೆರಡು ತಿಂಗಳ ಪಾಲಿಸಿಯಾಗಿದ್ದರೆ ಈಗಾಗಲೇ ನಿಂತಿರುತ್ತಿತ್ತು. 3,000 ಪೌಂಡಿನ ಗರಿಷ್ಠ ಮೊತ್ತವಾಗಿದ್ದರೆ ಎರಡು ವರ್ಷ ತುಂಬುವ ಮೊದಲೇ ಬರಿದಾಗುತ್ತಿತ್ತು. ಹೃದಯದ ಕ್ಲೇಮುಗಳಲ್ಲಿ ಕಂಪನಿ ಒಂದು ಸಲವೂ ತಕರಾರು ಮಾಡಿಲ್ಲ, ಆಸ್ಪತ್ರೆಗೆ ನೇರವಾಗಿಯೇ ಪಾವತಿಸಿದೆ.

ಮಂಡಿಯ ಕಥೆ ಬೇರೆ, ಅದರಲ್ಲಿ ತಪ್ಪು ಅರ್ಧ ನಮ್ಮದೇ. ಮರಿ ಕೊಟ್ಟವರು ಜೊತೆಗೆ ಐದು ವಾರಗಳ ಉಚಿತ ವಿಮೆಯನ್ನೂ ಕೊಟ್ಟಿದ್ದರು. ಅದು ಮುಗಿಯುವ ದಿನವೇ ಅದೇ ಕಂಪನಿಯಲ್ಲಿ ಮುಂದುವರಿಸಿದ್ದರೆ ಹೊಸ ಕಾಯುವ ಅವಧಿ ಇರುತ್ತಿರಲಿಲ್ಲ. ನಾವು ಬೆಲೆ ಹೋಲಿಸುತ್ತ ಆರು ದಿನ ಕಳೆದು ಬೇರೆ ಕಂಪನಿಯ ಪಾಲಿಸಿ ಕೊಂಡೆವು. ಅದರ ಮೊದಲ 14 ದಿನಗಳಲ್ಲಿ ಕಂಡ ಕಾಯಿಲೆಗೆ ಹಣವಿಲ್ಲ. ಹತ್ತನೆಯ ದಿನ ಬೆಲ್ಲಳಿಗೆ ಹೊಟ್ಟೆ ಕೆಟ್ಟು ವೈದ್ಯರಲ್ಲಿಗೆ ಹೋದಾಗ ನಾನು ಮಾತಿನ ನಡುವೆ, ಎಡ ಹಿಂಗಾಲನ್ನು ಆಗಾಗ ಎತ್ತಿ ಕುಪ್ಪಳಿಸುತ್ತಾಳೆ ಎಂದೆ. ಅವರು ಅದನ್ನೂ ದಾಖಲಿಸಿಕೊಂಡರು. ಮೂರು ವರ್ಷದ ನಂತರ ಬಲಮಂಡಿಗೆ 2,900 ಪೌಂಡಿನ ಶಸ್ತ್ರಚಿಕಿತ್ಸೆಯಾದಾಗ, ಹುಟ್ಟಿದಂದಿನಿಂದ ಇರುವ ವೈದ್ಯಕೀಯ ದಾಖಲೆಯನ್ನೆಲ್ಲ ತರಿಸಿಕೊಂಡ ಕಂಪನಿ ಆ ಒಂದು ಸಾಲನ್ನು ಹಿಡಿದು ಕ್ಲೇಮು ತಿರಸ್ಕರಿಸಿತು. ಎಡಮಂಡಿ, ಬಲಮಂಡಿ ಎರಡನ್ನೂ ಒಂದೇ ಕಾಯಿಲೆಯೆಂದು ಎಣಿಸುವ ಷರತ್ತು ಪಾಲಿಸಿಯಲ್ಲಿತ್ತು, ಮತ್ತು ಹಿಂದಿನ ಕಾಯಿಲೆ ಎನ್ನಲು ರೋಗನಿರ್ಣಯವೇ ಆಗಿರಬೇಕೆಂದಿಲ್ಲ, ಲಕ್ಷಣವಿದ್ದರೂ ಸಾಕು ಎಂದೂ ಬರೆದಿತ್ತು. ಒಂದು ವರ್ಷದವಳಿದ್ದಾಗ ಎರಡೂ ಚಿಪ್ಪುಗಳನ್ನು ಪರೀಕ್ಷಿಸಿ ಸರಿಯಾಗಿವೆ ಎಂದಿದ್ದ ವೈದ್ಯೆಯಿಂದ ಪತ್ರ ಪಡೆದು ಲಿಖಿತ ದೂರು ಕೊಟ್ಟೆವು. ಎಂಟು ವಾರಗಳಲ್ಲಿ ಅಂತಿಮ ಉತ್ತರ ಬಾರದಿದ್ದರೆ ವಿಮೆ, ಬ್ಯಾಂಕು ಕಂಪನಿಗಳ ಮೇಲಿನ ಗ್ರಾಹಕರ ದೂರುಗಳನ್ನು ಬಗೆಹರಿಸುವ ಫೈನಾನ್ಷಿಯಲ್ ಆಂಬುಡ್ಸ್‌ಮನ್ ಸೇವೆಗೆ ಖರ್ಚಿಲ್ಲದೆ ದೂರು ಒಯ್ಯಬಹುದು. ನಮ್ಮದು ಏಳನೆಯ ವಾರದಲ್ಲೇ ಬಗೆಹರಿದು, ಎಕ್ಸೆಸ್ (ಕ್ಲೇಮಿನಲ್ಲಿ ನಾವೇ ಹಾಕಬೇಕಾದ ನಿಗದಿತ ಮೊತ್ತ) ಕಳೆದು ಉಳಿದ ಹಣ ಬಂತು.

ಸಿರಿಂಗೊಮೈಲಿಯಾ ಬೆಲ್ಲಳಿಗೆ ಬಂದಿಲ್ಲ. ಆದರೂ ಈ ತಳಿಯವರು ಪಾಲಿಸಿ ಕೊಳ್ಳುವ ಮೊದಲು ಅದನ್ನು ಹೆಸರು ಹಿಡಿದು ಕೇಳಿ, ಉತ್ತರವನ್ನು ಇಮೇಲಿನಲ್ಲಿ ಪಡೆಯಬೇಕು. ತಲೆಬುರುಡೆಯ ಆಕಾರ ಹುಟ್ಟಿನಿಂದ ಬಂದದ್ದಲ್ಲವೇ, ಹಾಗಾದರೆ ಅದು ಪಾಲಿಸಿಗಿಂತ ಹಿಂದಿನ ಕಾಯಿಲೆಯೇ ಎಂದು ಮುಂದೆ ಯಾರೂ ವಾದಿಸುವಂತಿರಬಾರದು. ಕೊಂಡ ಮೇಲೂ 14 ದಿನಗಳೊಳಗೆ ರದ್ದುಮಾಡುವ ಹಕ್ಕಿರುವುದರಿಂದ ಷರತ್ತುಗಳನ್ನು ಓದಲು ಆ ಎರಡು ವಾರವನ್ನಾದರೂ ಬಳಸಿಕೊಳ್ಳಬಹುದು. ನಾನು ಬಳಸಿಕೊಳ್ಳಲಿಲ್ಲ.

ಕಂತು ಈಗ ತಿಂಗಳಿಗೆ 94 ಪೌಂಡ್, ವರ್ಷಕ್ಕೆ 1,128. ಅದರಲ್ಲಿ ಸುಮಾರು 120 ಪೌಂಡ್ ಶೇ 12ರ ವಿಮಾ ತೆರಿಗೆಗೇ ಹೋಗುತ್ತದೆ. ಹೃದಯದ ಖರ್ಚಿನಲ್ಲಿ 125 ಪೌಂಡ್ ಎಕ್ಸೆಸ್ ಕಳೆದು 1,515 ವಾಪಸು ಬರುವುದರಿಂದ ಸದ್ಯಕ್ಕೆ ಲೆಕ್ಕ ನಮ್ಮ ಕಡೆಗಿದೆ. ಒಂಬತ್ತು ತುಂಬಿದ ಮೇಲೆ ಪ್ರತಿ ಬಿಲ್ಲಿನಲ್ಲೂ ಶೇ 20 ನಾವೇ ಹಾಕಬೇಕು, ಆಗ ಈ ಅಂತರ ಬಹುಮಟ್ಟಿಗೆ ಕರಗುತ್ತದೆ. ಕಂತು ಹೆಚ್ಚಾಯಿತೆಂದು ಬೇರೆ ಕಂಪನಿಗೆ ಹೋಗುವ ಹಾಗೂ ಇಲ್ಲ, ಏಕೆಂದರೆ ಅಲ್ಲಿ ಹೃದಯವೂ ಮಂಡಿಯೂ ಹಳೆಯ ಕಾಯಿಲೆಗಳಾಗುತ್ತವೆ. ಇದು ಕಂಪನಿಗೂ ಚೆನ್ನಾಗಿ ಗೊತ್ತಿದೆ ಎಂಬುದು ಪ್ರತಿ ವರ್ಷದ ನವೀಕರಣ ಪತ್ರ ನೋಡಿದರೆ ತಿಳಿಯುತ್ತದೆ.

ಐದಕ್ಕೆ ಮೂರೂವರೆ ಅಂಕ. ಒಂದನ್ನು ಮಂಡಿಯ ಏಳು ವಾರಗಳಿಗಾಗಿ ಕಳೆದಿದ್ದೇನೆ, ಅರ್ಧವನ್ನು ಅವರ ಫೋನಿನಲ್ಲಿ ಸಂಗೀತ ಕೇಳುತ್ತ ಕಳೆದ ಹೊತ್ತಿಗಾಗಿ.