ಯುಎಸ್‌ಬಿ ಹವ್ಯಾಸಿಗೆ ಮೂರು ಅಗ್ಗದ ಬೋರ್ಡ್‌ಗಳು

ಕಂಪ್ಯೂಟರಿನ ಧ್ವನಿಯನ್ನು ಏರಿಳಿಸುವ ಒಂದೇ ತಿರುಗುಗುಂಡಿಯನ್ನು ಎಟಿಟೈನಿ85, ಎಟಿಮೆಗಾ32ಯು4 ಮತ್ತು ಆರ್‌ಪಿ2040 ಎಂಬ ಮೈಕ್ರೋಕಂಟ್ರೋಲರ್ (ಪುಟ್ಟ ಕಂಪ್ಯೂಟರಿನಂಥ) ಚಿಪ್‌ಗಳಿರುವ ಬೋರ್ಡ್‌ಗಳ ಮೇಲೆ ಬೇರೆಬೇರೆಯಾಗಿ ಕಟ್ಟಿ ನೋಡಿದ್ದೇನೆ. ಮೂರೂ ಕೀಲಿಮಣೆಯಂತೆ ಎಚ್‌ಐಡಿ (ಕೀಲಿಮಣೆ, ಮೌಸ್‌ಗಳ ವರ್ಗದ) ಸಾಧನಗಳಾಗಿಯೇ ಕಾಣಿಸಿಕೊಳ್ಳುವುದರಿಂದ ಬಳಸುವವರು ಯಾವ ಡ್ರೈವರನ್ನೂ ಹಾಕಿಕೊಳ್ಳಬೇಕಿಲ್ಲ. ತೊಡಕೇನಿದ್ದರೂ ತಯಾರಿಸುವವರ ಪಾಲಿಗೆ.

ಎಟಿಟೈನಿ85ರಲ್ಲಿ ಯುಎಸ್‌ಬಿ ಯಂತ್ರಾಂಶವೇ ಇಲ್ಲ. ವಿ-ಯುಎಸ್‌ಬಿ ಎಂಬ ತಂತ್ರಾಂಶವು ಎರಡು ಪಿನ್‌ಗಳನ್ನು ಕರಾರುವಾಕ್ಕಾಗಿ ಆಡಿಸಿ ಸೆಕೆಂಡಿಗೆ 1.5 ಮೆಗಾಬಿಟ್ ವೇಗದ ಸಂಕೇತವನ್ನು ಹುಟ್ಟಿಸುತ್ತದೆ. ಇದು ಮೆಚ್ಚತಕ್ಕ ಚಮತ್ಕಾರವೇ ಸರಿ. ಆದರೆ ಈ ನಿಧಾನಗತಿಯ ಸಾಧನಗಳಿಗೆ ಯುಎಸ್‌ಬಿ ನಿಯಮಾವಳಿಯು ಬಲ್ಕ್ (ದೊಡ್ಡ ಮೊತ್ತದ ದತ್ತಾಂಶದ) ವರ್ಗಾವಣೆಯನ್ನು ಒಪ್ಪುವುದಿಲ್ಲವಾದ್ದರಿಂದ, ಅದನ್ನು ನೆಚ್ಚಿರುವ ಸೀರಿಯಲ್ ಪೋರ್ಟ್ (ಕಂಪ್ಯೂಟರಿಗೆ ಅಕ್ಷರಗಳನ್ನು ಸಾಲಾಗಿ ಕಳಿಸುವ ದಾರಿ) ಆಗಲು ನಿಯಮಬದ್ಧ ದಾರಿಯಿಲ್ಲ, ಹಾಗಾಗಿ ದೋಷ ಹುಡುಕುವಾಗ ಪರದೆಯ ಮೇಲೆ ಒಂದು ಸಂಖ್ಯೆಯನ್ನು ಬರೆಸಿ ನೋಡುವ ಸಣ್ಣ ಅನುಕೂಲವೂ ಸುಲಭವಾಗಿ ಸಿಗುವುದಿಲ್ಲ. ವಿಂಡೋಸ್‌ನಲ್ಲಿ ಇದರ ಬೂಟ್‌ಲೋಡರ್‌ಗೆ (ಚಿಪ್‌ಗೆ ಪ್ರೋಗ್ರಾಂ ತುಂಬಿಸುವ ಪುಟ್ಟ ತಂತ್ರಾಂಶಕ್ಕೆ) ಪ್ರತ್ಯೇಕ ಡ್ರೈವರ್ ಬೇಕು. ಜಾಡಿಗ್ ಎಂಬ ಉಚಿತ ಸಲಕರಣೆ ಅದನ್ನು ಬೇಗನೆ ಕೂರಿಸುತ್ತದೆ, ಆದರೆ ಅದರ ಪಟ್ಟಿಯಲ್ಲಿ ಬೇರೆ ಸಾಲನ್ನು ಆರಿಸಿದರೆ ನಿಮ್ಮ ಕೀಲಿಮಣೆಯ ಡ್ರೈವರೇ ಬದಲಾದೀತು, ಎಚ್ಚರ. ಲಿನಕ್ಸ್‌ನಲ್ಲಿ ಸಾಧನ ಬಳಸಲು ಅನುಮತಿ ಕೊಡುವ ಒಂದು ಸಾಲಿನ ಯುಡೆವ್ ನಿಯಮ ಸಾಕು.

ಎಟಿಮೆಗಾ32ಯು4ರ ವಿಷಯದಲ್ಲಿ ಹೇಳುವುದು ಕಡಿಮೆ. ಯುಎಸ್‌ಬಿ ಚಿಪ್‌ನೊಳಗೇ ಇದೆ, ಸೀರಿಯಲ್ ಪೋರ್ಟ್‌ಗೆ ಬೇಕಾದ ಡ್ರೈವರ್ ವಿಂಡೋಸ್ 10ರಿಂದೀಚೆಗೆ ತಾನಾಗಿ ಕೂರುತ್ತದೆ. ವಿಂಡೋಸ್ 7ರಲ್ಲಿ ಮಾತ್ರ ಯಾವ ಡ್ರೈವರ್ ಎಂದು ತಿಳಿಸುವ ಐಎನ್‌ಎಫ್ ಕಡತವನ್ನು ಕೊಡಬೇಕು. 2.5 ಕಿಲೋಬೈಟ್ ರ‍್ಯಾಮ್ ಗುಂಡಿಗೆ ಧಾರಾಳ, ಚಿತ್ರ ತೋರಿಸುವ ಪರದೆಗೆ ಇಕ್ಕಟ್ಟು.

2021ರಲ್ಲಿ 4 ಡಾಲರ್ ಬೆಲೆಗೆ ಬಂದ ರಾಸ್‌ಬೆರಿ ಪೈ ಪಿಕೊ ಬೋರ್ಡ್‌ನಲ್ಲಿರುವ ಆರ್‌ಪಿ2040 ಈ ತಲೆನೋವುಗಳನ್ನು ಬುಡದಲ್ಲೇ ಕಳೆಯುತ್ತದೆ. ಬೋರ್ಡ್‌ನ ಗುಂಡಿಯನ್ನು ಒತ್ತಿಹಿಡಿದು ಕೇಬಲ್ ಚುಚ್ಚಿದರೆ ಅದು ಪೆನ್‌ಡ್ರೈವ್‌ನಂತೆ ತೆರೆದುಕೊಳ್ಳುತ್ತದೆ, ಪ್ರೋಗ್ರಾಂ ಇರುವ ಯುಎಫ್2 ಕಡತವನ್ನು ಅದರೊಳಗೆ ನಕಲಿಸಿದರೆ ಕೆಲಸ ಮುಗಿಯಿತು. ಈ ಬೂಟ್‌ಲೋಡರ್ ಚಿಪ್‌ನ ಅಳಿಸಲಾಗದ ಸ್ಮೃತಿಯಾದ ROMನಲ್ಲೇ ಇರುವುದರಿಂದ ತಪ್ಪು ಪ್ರೋಗ್ರಾಂ ತುಂಬಿದರೂ ಅಳಿಯುವುದಿಲ್ಲ. ಟೈನಿಯುಎಸ್‌ಬಿ ಎಂಬ ಸಿದ್ಧ ತಂತ್ರಾಂಶ ಸಂಗ್ರಹದ (ಲೈಬ್ರರಿಯ) ನೆರವಿನಿಂದ ಎಚ್‌ಐಡಿಯನ್ನೂ ಸೀರಿಯಲ್ ಪೋರ್ಟನ್ನೂ ಒಂದೇ ಸಾಧನದಲ್ಲಿ ಕೂಡಿಸಬಹುದು. ಇನ್ನೂ ಆಳಕ್ಕಿಳಿದು ಪ್ರೋಗ್ರಾಂ ಅನ್ನು ಹೆಜ್ಜೆಹೆಜ್ಜೆಯಾಗಿ ನಿಲ್ಲಿಸಿ ನೋಡಬೇಕೆಂದರೆ ಇನ್ನೊಂದು ಪಿಕೊ ಬೋರ್ಡನ್ನೇ ಡೀಬಗ್ಗರ್ (ದೋಷ ಹುಡುಕುವ ಸಾಧನ) ಆಗಿ ಬಳಸಬಹುದು. ನನ್ನ ಮಟ್ಟಿಗೆ ಗೆಲುವು ನಿರ್ಣಯವಾದದ್ದು ಇಲ್ಲಿಯೇ.

ಆದರೂ ಎಟಿಮೆಗಾ ಬೋರ್ಡನ್ನು ನಾನು ಕೈಬಿಟ್ಟಿಲ್ಲ. ಪಿಕೊದ ಪಿನ್‌ಗಳು 3.3 ವೋಲ್ಟ್‌ನವು, 5 ವೋಲ್ಟ್ ಸಂಕೇತ ಕೊಡುವ ಹಳೆಯ ಸೆನ್ಸರ್‌ಗಳನ್ನು ನೇರವಾಗಿ ಜೋಡಿಸುವಾಗ 5 ವೋಲ್ಟ್ ತಾಳುವ ಎಟಿಮೆಗಾ ಬೋರ್ಡನ್ನೇ ತೆಗೆದುಕೊಳ್ಳುತ್ತೇನೆ.